ಈಸು ಕಲಿಸಿದ ಬಾವಡಿ ಊರಿಗೆ ಬ್ಯಾಡಾತು

ವಿಜಯಪುರಕ್ಕೆ ಬೀಗರು ಬಂದರೆ ನಾವು ಮಾಡುವ ಮೊದಲ ಕೆಲಸ ಗೋಳಗುಮ್ಮಟ ತೋರಿಸುವುದು. ಎರಡನೆಯದು ಇಬ್ರಾಹಿಂ ರೋಜಾ. ಮೂರನೆಯದು ಗಾಂಧಿ ಚೌಕಿನ ಕಡೆ ಕರಕೊಂಡು ಹೋಗಿ ಚಹಾ ಕುಡಿಸಿ ಬಸ್ಸು ಹತ್ತಿಸುವುದು. ಅಲ್ಲಿಗೆ ನಮ್ಮ ಊರು ಮುಗಿಯಿತು! ಮೆಕ್ಕಾ ದರವಾಜೆಯ ಸಮೀಪ, ಕೋಟೆ ಗೋಡೆಯ ಒಳಮಗ್ಗುಲಿಗೆ ತಾಜ್ ಬಾವಡಿ ಎಂಬುದೊಂದು ಐತಿ, ಬರ್ರಿ ತೋರಿಸ್ತೀವಿ ಅಂತ ಬೀಗರನ್ನು ಕರೆದೊಯ್ಯುವವರು ನೂರಕ್ಕೆ ಎಷ್ಟು ಮಂದಿ?

ಕರೆದೊಯ್ಯಬೇಕಾದ ಜಾಗವೇ ಅದು. 223 ಅಡಿ ಉದ್ದ, ಅಷ್ಟೇ ಅಗಲ, 52 ಅಡಿ ಆಳ. ಲೆಕ್ಕದ ಮಂದಿಗೆ ಇನ್ನೊಂದು ರೀತಿ ಹೇಳುವುದಾದರೆ, ಟಿವಿಯಲ್ಲಿ ಒಲಿಂಪಿಕ್ಸ್ ಈಜು ನೋಡುತ್ತೀರಲ್ಲ, ಆ ಕೊಳದ ಉದ್ದ 50 ಮೀಟರು, ಅಗಲ 25 ಮೀಟರು. ನಮ್ಮ ಬಾವಡಿಯ ಒಂದು ಮಗ್ಗುಲೇ 68 ಮೀಟರು. ಅಂಥ ಮೂರೂವರೆ ಕೊಳಗಳನ್ನು ಇದರೊಳಗೆ ಹಾಸಿದರೂ ಸುತ್ತ ಇನ್ನಷ್ಟು ಜಾಗ ಉಳಿಯುತ್ತದೆ. ಆಳ ಕೇಳಬೇಡಿ, ಐದಂತಸ್ತಿನ ಮನೆಯನ್ನು ಇಳಿಸಬಹುದು.

ಹೆಂಚು ಹಾಕಿದ ನೀಲಿ ಕೊಳಗಳು ಈ ಕಡೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಈ ಊರಿಗೆ ಇದ್ದ ಬಯಲು ಈಜುಕೊಳ ಇದೇ. ಟಿಕೀಟಿಲ್ಲ, ಚಡ್ಡಿ ಇಂಥದ್ದೇ ಇರಬೇಕೆಂಬ ಕಾಯ್ದೆಯಿಲ್ಲ, ಸೀಟಿ ಊದುವ ಸಾಹೇಬನಿಲ್ಲ. ಬ್ಯಾಸಿಗಿ ರಜೆ ಬಿಟ್ಟಿತೆಂದರೆ ಓಣಿಯ ಹುಡುಗರಿಗೆ ಬಾವಡಿ ಬಿಟ್ಟರೆ ಬೇರೆ ಊರು ಇರಲಿಲ್ಲ.

ರಾಣಿ ಒಬ್ಬಳು, ಸ್ಮಾರಕ ಎರಡು

ಚರಿತ್ರೆ ಬೇಕಾದವರಿಗೆ ನಾಲ್ಕು ಮಾತು. ಬಾವಡಿ ಕಟ್ಟಿದ್ದು 1620ರಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯಲ್ಲಿ. ಹೆಸರು ಆತನ ಬೇಗಂ ತಾಜ್ ಸುಲ್ತಾನಾಳದ್ದು. ಕಟ್ಟಿಸಿದವನು ಮಲಿಕ್ ಸಂದಲ್. ಇಬ್ರಾಹಿಂ ರೋಜಾದ ಕೆಲಸದಲ್ಲೂ ಇದೇ ಮಲಿಕ್ ಸಂದಲ್‌ನ ಹೆಸರಿದೆ, ಆ ರೋಜಾದ ಹಿಂದೆಯೂ ಇದೇ ತಾಜ್ ಸುಲ್ತಾನಾ ಇದ್ದಾಳೆ. ಅಂದರೆ ಒಬ್ಬಳೇ ರಾಣಿ, ಒಬ್ಬನೇ ಕಟ್ಟಾಳು, ಎರಡು ಕಟ್ಟಡ. ಒಂದನ್ನು ನೋಡಲು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಇನ್ನೊಂದರಲ್ಲಿ ಊರು ತನ್ನ ಕಸ ಚೆಲ್ಲಿತು.

ದಂತಕಥೆಯೊಂದಿದೆ. ಮಲಿಕ್ ಸಂದಲ್ ಮೇಲೆ ಸುಲ್ತಾನನಿಗೆ ಸಲ್ಲದ ಸಂಶಯ ಬಂತಂತೆ, ಆಮೇಲೆ ಆತ ನಿರ್ದೋಷಿ ಎಂದು ತಿಳಿದು ಮರುಗಿ, ಏನು ಬೇಕೋ ಕೇಳು ಅಂದನಂತೆ. ಬಂಗಾರ ಕೇಳಲಿಲ್ಲ, ಜಹಗೀರು ಕೇಳಲಿಲ್ಲ, ನನ್ನ ನೆನಪು ಉಳಿಯುವಂಥದ್ದೊಂದು ಕಟ್ಟಿಸುತ್ತೇನೆ ಅಂದನಂತೆ. ಕಟ್ಟಿಸಿದ್ದು ಈ ಬಾವಡಿ. ಹೆಸರು ಉಳಿದದ್ದು ಬೇಗಮ್ಮಳದ್ದು, ಪಾಪ.

ಎದುರಿಗೆ ನಿಂತರೆ ಮೊದಲು ಕಾಣುವುದು 35 ಅಡಿ ಅಗಲದ ಭಾರೀ ಕಮಾನು. ಎರಡೂ ಬದಿಗೆ ಎಂಟು ಮೂಲೆಯ ಬುರುಜು. ಕಮಾನಿನ ಕೆಳಗಿಂದ ಮೆಟ್ಟಿಲು ಇಳಿದು ನೀರಿಗೆ ಹೋಗಬೇಕು. ಪೂರ್ವ-ಪಶ್ಚಿಮಕ್ಕೆ ದಾರಿಹೋಕರು ತಂಗಲೆಂದು ಕಟ್ಟಿದ ಸಾಲು ಕೋಣೆಗಳು. ದೂರದ ಊರಿಂದ ಬಂದವನು ಎತ್ತು ಕಟ್ಟಿ, ಕಾಲು ತೊಳೆದು, ನೀರು ಕುಡಿದು, ಅಲ್ಲೇ ಒರಗುತ್ತಿದ್ದ. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ಬಸ್‌ಸ್ಟ್ಯಾಂಡು, ಲಾಡ್ಜು, ನೀರಿನ ಟಾಕಿ ಮೂರೂ ಒಂದೇ ಕಡೆ.

ಇದೊಂದೇ ಅಲ್ಲ. ಶಹಾಪುರ ದರವಾಜೆ ಕಡೆಯ ಚಾಂದ್ ಬಾವಡಿ ಇದಕ್ಕೂ ಹಿಂದಿನದು, 1579ರದ್ದು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. 1651ರಲ್ಲಿ ಬೇಗಂ ತಾಲಾಬು ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ಹರಿಸಿದರು. ನಡುನಡುವೆ ‘ಗಂಜ್’ ಎಂಬ ಎತ್ತರದ ಗೋಪುರ ಕಟ್ಟಿ, ನೀರಿನ ಒತ್ತಡ ಇಳಿಸಿ, ಕೆಸರು ಕೆಳಗೆ ಕೂಡುವಂತೆ ಮಾಡಿದರು. ಮಳೆ ಬರುವುದೇ ಕಡಿಮೆ ಇರುವ ಊರಲ್ಲಿ ಆ ಮಂದಿ ನೀರಿನ ಮೇಲೆ ಎಷ್ಟು ತಲೆ ಓಡಿಸಿದ್ದರು ಎಂಬುದಕ್ಕೆ ಇಷ್ಟು ಸಾಕು. 2020ರಲ್ಲಿ ಇಲ್ಲಿಯ ಸುರಂಗ ಬಾವಡಿಯನ್ನು ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯೊಂದಕ್ಕೆ ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸೇರಿಸಿತು. ನ್ಯೂಯಾರ್ಕಿಗೆ ಕಂಡದ್ದು ನಮ್ಮ ಓಣಿಗೆ ಕಾಣಲಿಲ್ಲ.

ಬುರುಡೆ, ಡಬ್ಬಿ, ಹಗ್ಗ

ಈಜು ಅನ್ನುವುದು ಪುಸ್ತಕದ ಮಾತು. ನಮ್ಮ ಕಡೆ ಅದು ಈಸು. ‘ಈಸಾಕ ಹೋಗ್ಯಾನ’ ಎಂದರೆ ತಾಯಂದಿರಿಗೆ ಎದೆ ಧಸಕ್ಕೆನ್ನುತ್ತಿತ್ತು, ಅಪ್ಪಂದಿರು ಮೀಸೆಯೊಳಗೆ ನಗುತ್ತಿದ್ದರು.

ಕಲಿಯುವ ಕ್ರಮ ಎಲ್ಲ ಬಾವಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಹೊಲದ ಬಾವಿಯಿರಲಿ, ಊರ ಬಾವಡಿಯಿರಲಿ. ಒಣಗಿದ ಸೋರೆಬುರುಡೆ ಎರಡನ್ನು ಹಗ್ಗದಿಂದ ಬೆನ್ನಿಗೆ ಕಟ್ಟುವುದು. ಬುರುಡೆ ಸಿಗದಿದ್ದರೆ ಬೆಂಡಿನ ಕಟ್ಟು. ಬುರುಡೆ ಹೋಗಿ ಎಣ್ಣೆ ಡಬ್ಬಿ ಬಂತು, ಡಬ್ಬಿ ಹೋಗಿ ಪ್ಲಾಸ್ಟಿಕ್ ಕ್ಯಾನು ಬಂತು, ಲಾರಿ ಟ್ಯೂಬು ಬಂತು. ಸೊಂಟಕ್ಕೆ ಇನ್ನೊಂದು ಹಗ್ಗ, ಅದರ ತುದಿ ಮೇಲೆ ನಿಂತ ಕಾಕಾನ ಕೈಯಲ್ಲಿ. ಕಾಕಾ, ಮಾಮಾ ಅಥವಾ ಓಣಿಯ ಯಾವನೋ ಹಿರಿಯ ಹುಡುಗ. ಮೊದಲ ದಿನ ಹುಡುಗ ಮೆಟ್ಟಿಲ ಮೇಲೆ ನಡುಗುತ್ತ ಕುಳಿತಿರುತ್ತಾನೆ. ಹಿಂದಿನಿಂದ ಯಾರೋ ಬಂದು ದೂಕುತ್ತಾರೆ. ಅಷ್ಟೇ, ಪಾಠ ಶುರು. ನೀರು ಕುಡಿದು, ಮೂಗಿನಲ್ಲಿ ಹೋಗಿ, ಕೆಮ್ಮಿ, ಅತ್ತು, ಕೈಕಾಲು ಬಡಿದು, ಎಂಟು ದಿನಕ್ಕೆ ಬುರುಡೆ ಒಂದಾಗುತ್ತದೆ, ಹದಿನೈದು ದಿನಕ್ಕೆ ಅದೂ ಹೋಗುತ್ತದೆ.

ಆಮೇಲೆ ಯಾರ ಮಾತೂ ಕೇಳುವುದಿಲ್ಲ. ಪದ್ಮಾಸನ ಹಾಕಿ ಜಿಗಿಯುವುದು, ಪಲ್ಟಿ ಹೊಡೆಯುವುದು, ತಳ ಮುಟ್ಟಿ ಕೈಯಲ್ಲಿ ಕೆಸರು ಹಿಡಿದು ಮೇಲೆ ಬಂದು ತೋರಿಸುವುದು. ಚಿಲ್ಲರೆ ಎಸೆದು ಮುಳುಗಿ ತರುವ ಪಂದ್ಯ. ಗೆದ್ದವನಿಗೆ ಅದೇ ಚಿಲ್ಲರೆ, ಅದರಲ್ಲಿ ಚುರಮರಿ. ತಾಜ್ ಬಾವಡಿಯ ಮೆಟ್ಟಿಲು, ಕಟ್ಟೆ, ಕಮಾನಿನ ಬದಿ ಎಲ್ಲವೂ ಹುಡುಗರಿಗೆ ಜಿಗಿಯುವ ಹಲಗೆಯೇ. ನಾನೂರು ವರ್ಷದ ಕಲ್ಲಿನ ಮೇಲೆ ಒದ್ದೆ ಪಾದದ ಗುರುತು ಬಿದ್ದು, ಬಿಸಿಲಿಗೆ ಆರಿ, ಮತ್ತೆ ಬೀಳುತ್ತಿತ್ತು.

ಹಾಡಿ ಹೊಗಳುವಾಗ ಒಂದು ಮಾತು ಮರೆಯಬಾರದು. ಹಳೆಯ ಕಾಲದ ನೀರು ಎಲ್ಲರದ್ದೂ ಆಗಿರಲಿಲ್ಲ. ನಮ್ಮ ಗಡಿಯಾಚೆಯ ಮಹಾಡದಲ್ಲಿ ಸಾರ್ವಜನಿಕ ಕೆರೆಯ ಒಂದು ಬೊಗಸೆ ನೀರು ಕುಡಿಯಲಿಕ್ಕೆ ಬಾಬಾಸಾಹೇಬ ಅಂಬೇಡ್ಕರರು 1927ರಲ್ಲಿ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ಹಳ್ಳಿಹಳ್ಳಿಯ ಬಾವಿಗಳ ಕಥೆಯೂ ಅದೇ ಇತ್ತು. ಇನ್ನು ಹೆಣ್ಣುಮಕ್ಕಳು! ಬಾವಡಿಗೆ ಅವರು ಬರುತ್ತಿದ್ದುದು ಕೊಡ ಹೊತ್ತು, ಅರಿವೆ ಗಂಟು ಹೊತ್ತು. ಅಣ್ಣ ಜಿಗಿಯುವುದನ್ನು ತಂಗಿ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದಳೇ ಹೊರತು ಅವಳ ಬೆನ್ನಿಗೆ ಯಾರೂ ಬುರುಡೆ ಕಟ್ಟಲಿಲ್ಲ. ಅಪಾಯವೂ ಇತ್ತು. 52 ಅಡಿಯ ಬಾವಿ ಯಾರ ಮುಖವನ್ನೂ ನೋಡುವುದಿಲ್ಲ. ಇಷ್ಟೆಲ್ಲ ಇದ್ದರೂ, ಈ ಊರಿನ ಸಾವಿರಾರು ಗಂಡುಮಕ್ಕಳಿಗೆ ನೀರಿನ ಭಯ ಬಿಡಿಸಿದ್ದು ಇಂಥ ಬಾವಡಿಗಳೇ ಎಂಬುದೂ ಅಷ್ಟೇ ಖರೆ.

ನಳ ಬಂತು, ನೀರು ಸತ್ತಿತು

ಬಾವಡಿ ಹೇಗೆ ಹಾಳಾಯಿತು? ಯಾರೋ ಒಬ್ಬರು ಬಂದು ಕೆಡಿಸಿದ್ದಲ್ಲ. ಊರಿಗೆ ಒಳ್ಳೆಯದಾದಾಗಲೇ ಬಾವಡಿಗೆ ಕೆಟ್ಟದ್ದಾಯಿತು.

ಮೊದಲು ಭೂತನಾಳ ಕೆರೆಯ ನೀರು, ಆಮೇಲೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು. ಓಣಿಓಣಿಗೆ ನಳ ಬಂತು. ಯಾರು ತಾನೇ ಬೇಡವೆಂದಾರು? ಎಂಟು ದಿನಕ್ಕೊಮ್ಮೆ ಬಂದರೂ ಮನೆ ಬಾಗಿಲಿಗೆ ಬರುತ್ತದೆ. ಕೊಡ ಹೊತ್ತು ಐವತ್ತು ಮೆಟ್ಟಿಲು ಹತ್ತಿ ಸೊಂಟ ಮುರಿದುಕೊಳ್ಳುವ ಕೆಲಸ ಹೆಣ್ಣುಮಕ್ಕಳಿಗೆ ತಪ್ಪಿತು. ಆದರೆ ಅಂದಿನಿಂದ ಬಾವಡಿಯಿಂದ ನೀರು ಸೇದುವವರು ಕಡಿಮೆಯಾದರು.

ಗುಟ್ಟು ಇರುವುದು ಇಲ್ಲೇ. ಬಾವಿಯ ನೀರು ಚೊಕ್ಕಟ ಇರಬೇಕೆಂದರೆ ದಿನಾ ಸೇದಬೇಕು. ಸೇದಿದಷ್ಟೂ ತಳದ ಸೆಲೆಯಿಂದ ಹೊಸ ನೀರು ಬರುತ್ತದೆ, ಹಳೆಯದು ಹೊರಗೆ ಹೋಗುತ್ತದೆ. ಸೇದುವುದು ನಿಂತರೆ ಅದು ಬಾವಿಯಲ್ಲ, ನಿಂತ ನೀರಿನ ಗುಂಡಿ. ಈಗಿನ ಈಜುಕೊಳದಲ್ಲಿ ಪಂಪು, ಫಿಲ್ಟರು, ಕ್ಲೋರಿನ್ ಮಾಡುವ ಕೆಲಸವನ್ನು ಅಂದು ಊರಿನ ಕೊಡಗಳೇ ಮಾಡುತ್ತಿದ್ದವು. ಕೊಡ ಬರುವುದು ನಿಂತಿತು, ಫಿಲ್ಟರು ಬಂದ್ ಆಯಿತು.

ನಿಂತ ನೀರಿಗೆ ಬಂದು ಬಿದ್ದದ್ದು ಏನೇನು? ಅರಿವೆ ಒಗೆದ ಸೋಡಾ, ಸಾಬೂನು. ಹೂವಿನ ಹಾರ, ತೆಂಗಿನಕಾಯಿ ಚಿಪ್ಪು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅದು. ಸುತ್ತ ಮನೆ ಬೆಳೆದಂತೆ ಗಟಾರದ ನೀರು ಜಿನುಗುವ ಭಯ. ವರ್ಷಾ ಗಣಪತಿ ವಿಸರ್ಜನೆ. ಮಣ್ಣಿನ ಗಣಪ ಇದ್ದಾಗ ತಾಪತ್ರಯ ಇರಲಿಲ್ಲ, ಒಂದು ರಾತ್ರಿಯಲ್ಲಿ ಕರಗಿ ಮಣ್ಣಿಗೆ ಮಣ್ಣಾಗುತ್ತಿದ್ದ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿ ಹಾಗಲ್ಲ. ತಿಂಗಳುಗಟ್ಟಲೆ ಕರಗದೆ ತಳದಲ್ಲಿ ಕೈಕಾಲು ಮುರಿದು ಬಿದ್ದಿರುತ್ತದೆ, ಬಳಿದ ಬಣ್ಣ ನೀರಿಗೆ ಬಿಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ವಿಸರ್ಜನೆಗೆ ನಿಯಮ ಬರೆಯಿತು, 2020ರಲ್ಲಿ ಅದನ್ನು ಬಿಗಿ ಮಾಡಿತು. ಅಷ್ಟು ಹೊತ್ತಿಗೆ ಬಾವಡಿಯ ತಳದಲ್ಲಿ ಎಷ್ಟು ವರ್ಷದ ದೇವರು ಕೂಡಿದ್ದನೋ, ಆ ದೇವರೇ ಬಲ್ಲ.

ಸಾಬೂನು, ಹೂವು, ಕೊಳೆತ ಕಸ ಇವೆಲ್ಲ ಪಾಚಿಗೆ ಗೊಬ್ಬರ. ಪಾಚಿ ಬೆಳೆದು ನೀರು ಹಸಿರಾಯಿತು. ಪಾಚಿ ಸತ್ತು ಕೊಳೆತಾಗ ನೀರೊಳಗಿನ ಗಾಳಿ ಮುಗಿಯಿತು. ಗಾಳಿ ಮುಗಿದ ನೀರಲ್ಲಿ ಮೀನು ಬದುಕುವುದಿಲ್ಲ. ಮೀನು ಬದುಕದ ನೀರಿಗೆ ಮಗನನ್ನು ಯಾವ ತಾಯಿ ಕಳಿಸ್ಯಾಳು? ಮೈ ಕೆರೆತ, ಕಣ್ಣುರಿ. ಜಿಗಿಯುವ ಹುಡುಗರು ಕಡಿಮೆಯಾದಷ್ಟೂ ಬಾವಡಿಯ ಮೇಲೆ ಊರಿನ ಕಣ್ಣು ಕಡಿಮೆಯಾಯಿತು, ಕಣ್ಣು ಕಡಿಮೆಯಾದಷ್ಟೂ ಕಸ ಹೆಚ್ಚಾಯಿತು.

ಹಾಗಾದರೆ ನೋಡಿಕೊಳ್ಳುವವರು ಯಾರು? ಕಲ್ಲು ಪುರಾತತ್ವ ಇಲಾಖೆಯದು, ಏಕೆಂದರೆ ಇದು ಸಂರಕ್ಷಿತ ಸ್ಮಾರಕ. ಸುತ್ತಲಿನ ಓಣಿ, ಗಟಾರು, ಕಸದ ಗಾಡಿ ನಗರ ಆಡಳಿತದ್ದು. ನೀರು? ನೀರಿಗೆ ಹೇಳಿಕೊಳ್ಳುವಂಥ ಯಜಮಾನ ಇಲ್ಲ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದು, ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಬಾರದು, ಅದರಾಚೆಯ 200 ಮೀಟರಿಗೆ ಅಪ್ಪಣೆ ಬೇಕು ಎಂದಾಯಿತು. ಬೇಕಾದ ಕಾಯ್ದೆಯೇ, ತಕರಾರಿಲ್ಲ. ಆದರೆ ಕಾಯ್ದೆ ಗೋಡೆಯನ್ನು ಕಾಯುತ್ತದೆ. ನೀರನ್ನು ದಿನಾ ಸೇದುವ ಕೆಲಸ ಯಾವ ಕಾಯ್ದೆಯಲ್ಲೂ ಬರೆದಿಲ್ಲ.

ಬರ ಬಂದಾಗ ನೆನಪಾದದ್ದು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ಕೋಟೆ ಊರಿನವರಾದ ನಮಗೆ ಹೊಸದಲ್ಲ. 2015-16, 2016-17 ಸಾಲುಸಾಲಾಗಿ ಬರದ ವರ್ಷಗಳು. ನಳದಲ್ಲಿ ಗಾಳಿ ಬಂತು, ಟ್ಯಾಂಕರಿನ ಹಿಂದೆ ಕೊಡಗಳ ಸಾಲು ನಿಂತಿತು. ಆಗ ನೆನಪಾದವು ಬಾವಡಿಗಳು. ಆಗ ಜಲಸಂಪನ್ಮೂಲ ಮಂತ್ರಿಯಾಗಿದ್ದ ನಮ್ಮ ಜಿಲ್ಲೆಯ ಎಂ.ಬಿ. ಪಾಟೀಲರು ಮುತುವರ್ಜಿ ವಹಿಸಿದರು, ಜಿಲ್ಲಾಡಳಿತ ಕೈಹಾಕಿತು. ತಾಜ್ ಬಾವಡಿಯೂ ಸೇರಿ ಊರಿನ ಹಲವು ಹಳೆಯ ಬಾವಡಿಗಳ ಹೂಳು ತೆಗೆದರು. ದಶಕಗಳ ಕೆಸರು ಹೊರಬಂತು. ಆ ಕೆಲಸವನ್ನು ಮೆಚ್ಚದಿದ್ದರೆ ನಾಲಿಗೆಗೆ ನ್ಯಾಯವಿಲ್ಲ.

ಆದರೆ ಹೂಳು ತೆಗೆದರೆ ಬಾವಡಿ ಚೊಕ್ಕಟಾಯಿತೇ ಹೊರತು ಊರಿಗೆ ವಾಪಸ್ಸಾಗಲಿಲ್ಲ. ಬೆಳಗಾದರೆ ಅಲ್ಲಿಗೆ ಹೋಗುವ ಕೆಲಸ ಯಾರಿಗೂ ಉಳಿದಿಲ್ಲ. ಮತ್ತೆ ಈಸು ಬಿದ್ದು ಆಡಿರಿ ಅಂತ ಹೇಳುವುದೂ ಆಗದ ಮಾತು. ಸಂರಕ್ಷಿತ ಸ್ಮಾರಕ, ಪರೀಕ್ಷೆ ಮಾಡದ ನೀರು, ಅಷ್ಟು ಆಳ. ಮಕ್ಕಳನ್ನು ಅಲ್ಲಿ ಇಳಿಸಿರಿ ಎಂದು ಈ ಅಂಕಣ ಬರೆಯುತ್ತಿಲ್ಲ. ಕಮಾನು ಉಳಿಯಿತು, ಶಾಲೆ ಮುಚ್ಚಿತು ಎಂಬುದಷ್ಟೇ ವರದಿ.

ನೀರು ಬಂದ ಕಾಲಕ್ಕೇ ಈಸು ಹೋತು

‘ಹೋದ್ರ ಹೋಗ್ಲಿ ಬಿಡ್ರಿ, ಈಸು ಬರದಿದ್ರ ಹೊಟ್ಟಿಗೆ ಅನ್ನ ಇಳಿಯೂದಿಲ್ಲೇನು?’ ಅಂತ ಅಂಗಡಿ ಕಟ್ಟೆಯ ಮೇಲೆ ಯಾರಾದರೂ ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಬೇಕಾದರೆ ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ, ಕೊಲ್ಹಾರದ ಬಸ್ಸು ಹತ್ತಿ ಕಿಟಕಿಯಿಂದ ಹೊರಗೆ ನೋಡಿರಿ.

ನಮ್ಮದು ಬರದ ಜಿಲ್ಲೆ ಎಂದು ಹೆಸರು. ಅದೇ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದಲ್ಲಿ ನೀರು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಣೆಕಟ್ಟೆ ಪೂರ್ತಿಯಾಗಿ ಕೃಷ್ಣೆಯ ಹಿನ್ನೀರು ಊರೂರ ಹೊಲದ ದಂಡೆಗೆ ಬಂದು ನಿಂತಿತು. ಮುಳವಾಡ, ಚಿಮ್ಮಲಗಿ, ತುಬಚಿ-ಬಬಲೇಶ್ವರ ಏತ ನೀರಾವರಿಗಳು ಬಂದವು. ಕಾಲುವೆ ಓಡಿದವು, ಬತ್ತಿದ ಕೆರೆಗಳಿಗೆ ನೀರು ತುಂಬಿಸಿದರು. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಹೊಲದಲ್ಲೇ ಹೊಂಡ ತೋಡಿದರು. 2014ರಲ್ಲಿ ಕೃಷಿಭಾಗ್ಯ ಬಂದ ಮೇಲೆ ಸಣ್ಣ ರೈತರೂ ಹೊಂಡ ಮಾಡಿಕೊಂಡರು. ರೈತನಿಗೆ ಜೀವ ಬಂತು, ಸಂತೋಷದ ಸಂಗತಿ.

ಈಗ ಆ ಹೊಂಡವನ್ನು ಹತ್ತಿರದಿಂದ ನೋಡಿರಿ. ನೀರು ಇಂಗಬಾರದೆಂದು ತಳಕ್ಕೂ ಬದಿಗೂ ಕರಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಬದಿ ಇಳಿಜಾರು. ಅದರ ಮೇಲೆ ತೆಳ್ಳಗೆ ಪಾಚಿ. ಎಣ್ಣೆ ಬಳಿದ ಗೋಡೆಯಷ್ಟು ಜಾರುತ್ತದೆ. ಬಾವಡಿಯಲ್ಲಿ ಮೆಟ್ಟಿಲಿತ್ತು, ಕಲ್ಲಿನ ಸಂದಿಯಿತ್ತು, ಹೊಲದ ಬಾವಿಯಲ್ಲಿ ಬೇರೋ ಹಗ್ಗವೋ ಕೈಗೆ ಸಿಗುತ್ತಿತ್ತು. ಹೊಂಡದಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ. ಕೊಡ ತುಂಬಲು ಹೋದ ಹುಡುಗಿ ಜಾರುತ್ತಾಳೆ, ಅಕ್ಕನನ್ನು ಎಳೆಯಲು ತಮ್ಮ ಹೋಗುತ್ತಾನೆ, ಇಬ್ಬರನ್ನೂ ಎಳೆಯಲು ತಾಯಿ ಹೋಗುತ್ತಾಳೆ. ಒಂದೇ ಮನೆಯ ಇಬ್ಬರು ಮೂವರು ಹೋದರೆಂಬ ಸುದ್ದಿಯನ್ನು ರಾಜ್ಯದ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಈಸು ಬಲ್ಲವನಿಗೂ ಆ ಹಾಳೆಯ ಮೇಲೆ ಹತ್ತುವುದು ಕಷ್ಟ. ಬಾರದವನ ಗತಿ ಹೇಳುವುದೇ ಬೇಡ.

ದೇಶದ ಲೆಕ್ಕ ನೋಡಿದರೆ ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2021ರಲ್ಲೂ 2022ರಲ್ಲೂ ನೀರಲ್ಲಿ ಮುಳುಗಿ ಸತ್ತವರು ವರ್ಷಕ್ಕೆ 35 ಸಾವಿರಕ್ಕೂ ಮೇಲೆ. 35 ಸಾವಿರವನ್ನು 365ರಿಂದ ಭಾಗಿಸಿರಿ. ದಿನಕ್ಕೆ ಎರಡು ಬಸ್ಸಿನ ಮಂದಿ. ಎರಡು ಬಸ್ಸು ಒಂದೇ ಕಡೆ ಹೊಳೆಗೆ ಬಿದ್ದಿದ್ದರೆ ಮೊದಲ ಪುಟದ ಸುದ್ದಿ. ಒಬ್ಬೊಬ್ಬರಾಗಿ ಹೊಂಡ, ಕಾಲುವೆ, ಕೆರೆಗಳಲ್ಲಿ ಹೋದರೆ ಒಳಪುಟದಲ್ಲಿ ನಾಲ್ಕು ಸಾಲು. ವಿಶ್ವಸಂಸ್ಥೆ 2021ರಲ್ಲಿ ಠರಾವು ಮಾಡಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನ ಎಂದು ಸಾರಿತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿರಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ಸಲಹೆಗಳಲ್ಲೊಂದು.

ಈ ಜಿಲ್ಲೆಯ ವಿಚಿತ್ರ ಇಷ್ಟು. ನೀರಿಲ್ಲದ ಕಾಲದಲ್ಲಿ ಹುಡುಗರಿಗೆ ಈಸು ಬರುತ್ತಿತ್ತು. ಮನೆ ಹಿಂದೆಯೇ ನೀರು ಬಂದು ನಿಂತಾಗ ಈಸು ಕಲಿಸುವ ಬಾವಡಿ, ಬಾವಿ ಹೋದವು. ಹೊಲದ ಬಾವಿ ಬತ್ತಿ ಬೋರ್‌ವೆಲ್ ಆಯಿತು. ಆರಿಂಚಿನ ಬೋರಿನಲ್ಲಿ ಈಸಲು ಆಗುತ್ತದೆಯೇ? ‘ನೀರಿನ ಕಡೆ ಹೋಗಬ್ಯಾಡ’ ಎಂಬುದೊಂದೇ ಈಗ ನಾವು ಮಕ್ಕಳಿಗೆ ಕಲಿಸುವ ಈಸು.

ಏನು ಮಾಡಬಹುದು?

ದೊಡ್ಡ ಈಜುಕೊಳ ಕಟ್ಟಿಸಿಕೊಡಿ ಎಂದು ಕೇಳುವುದು ಸುಲಭ. ಕಟ್ಟುವುದೂ ಅಷ್ಟು ಕಷ್ಟವಲ್ಲ. ಕಟ್ಟಿದವರು ಫಲಕ ಹಾಕಿಸಿಕೊಂಡು ಹೋಗುತ್ತಾರೆ. ನಡೆಸುವುದರಲ್ಲಿ ಬೆವರು ಇಳಿಯುತ್ತದೆ. 50 ಮೀಟರ್ ಉದ್ದ, 25 ಅಗಲ, 2 ಮೀಟರ್ ಆಳ ಎಂದರೆ 25 ಲಕ್ಷ ಲೀಟರ್ ನೀರು. ಅದನ್ನು ದಿನಾ ಫಿಲ್ಟರು ಮಾಡಬೇಕು, ಕ್ಲೋರಿನ್ ಹಾಕಿ ಅಳೆಯಬೇಕು, ಕಾವಲಿಗೆ ಈಸು ಬಲ್ಲವರನ್ನು ಇಡಬೇಕು, ಕರೆಂಟು ಬಿಲ್ಲು ಕಟ್ಟಬೇಕು. ಒಂದು ಪಂಪು ಕೆಟ್ಟು ಟೆಂಡರಿಗೆ ಕಾದರೆ ಎಂಟು ದಿನದಲ್ಲಿ ನೀರು ಹಸಿರು. ಬಾವಡಿಗೆ ಆದದ್ದೇ ಕೊಳಕ್ಕೂ ಆಗುತ್ತದೆ, ಬಾವಡಿಗೆ ಆಗಲು ಮುನ್ನೂರು ವರ್ಷ ಬೇಕಾಯಿತು, ಕೊಳಕ್ಕೆ ಮೂರು ವರ್ಷ ಸಾಕು. ಮೇಲಾಗಿ ನೀರಿನ ಬರ ಬಂದರೆ ಮೊದಲ ಕತ್ತರಿ ಬೀಳುವುದು ಇದರ ಮೇಲೆಯೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಹುಕುಂ ಮಾಡಿ 5,000 ರೂಪಾಯಿ ದಂಡ ಹಾಕಿತ್ತು.

ಬಾಂಗ್ಲಾದೇಶದವರು ಬೇರೆ ದಾರಿ ಹಿಡಿದರು. ಅಲ್ಲಿ ಮನೆಮನೆಯ ಹಿಂದೆ ಕೊಳ, ಮಕ್ಕಳು ಬಿದ್ದು ಸಾಯುವುದು ದೊಡ್ಡ ಪಿಡುಗು. ಹೆಂಚಿನ ಕೊಳಕ್ಕೆ ಕಾಯದೆ ಊರ ಕೊಳದಲ್ಲೇ ಬಿದಿರಿನ ಅಟ್ಟ ಕಟ್ಟಿ ನೀರೊಳಗೆ ಇಳಿಸಿದರು. ಮಗು ನಿಂತರೆ ಎದೆಮಟ್ಟ ನೀರು, ಸುತ್ತ ಬಿದಿರಿನ ಕಟಾಂಜನ. ಊರಿನವರೇ ಒಬ್ಬರು ತರಬೇತಿ ಪಡೆದು ಕಲಿಸುತ್ತಾರೆ, ಹುಡುಗಿಯರಿಗೂ ಕಲಿಸುತ್ತಾರೆ. ಪದಕ ಗೆಲ್ಲುವ ಈಜಲ್ಲ. ಬಿದ್ದರೆ ತೇಲುವುದು, ಒಂದಿಷ್ಟು ದೂರ ಬಡಿದು ದಂಡೆ ಮುಟ್ಟುವುದು, ಬಿದ್ದವರಿಗೆ ಜಿಗಿಯದೆ ಕೋಲು ಚಾಚುವುದು. ಇಷ್ಟೇ ಪಾಠ. ನಮ್ಮಲ್ಲೂ ನೀರು ತುಂಬಿಸಿದ ಕೆರೆಗಳಿವೆ, ಬಿದಿರೂ ಇದೆ. ಬ್ಯಾಸಿಗಿ ರಜೆಯೂ ಇದೆ.

ತಾಜ್ ಬಾವಡಿಯ ವಿಷಯಕ್ಕೆ ಬಂದರೆ, ಬೇಕಾದದ್ದು ಇನ್ನೊಂದು ಉತ್ಸವವೂ ಅಲ್ಲ, ದೀಪದ ಮಾಲೆಯೂ ಅಲ್ಲ. ನೀರನ್ನು ದಿನಾ ಎತ್ತುವ ವ್ಯವಸ್ಥೆ. ಕುಡಿಯಲು ಬೇಡ, ಉದ್ಯಾನಕ್ಕೆ, ಮನೆ ಕಟ್ಟುವವರಿಗೆ, ಬಸ್ಸು ತೊಳೆಯಲು ಆದೀತು. ಕೃಷ್ಣೆಯಿಂದ ಅಷ್ಟು ದೂರ ಪಂಪು ಮಾಡಿ ತಂದ ನೀರಲ್ಲಿ ಬಸ್ಸು ತೊಳೆಯುವುದಕ್ಕಿಂತ ಇದು ಮೇಲಲ್ಲವೇ? ಎತ್ತಿದಷ್ಟು ಸೆಲೆ ತೆರೆಯುತ್ತದೆ. ನೀರಿಗೆ ಗಿರಾಕಿ ಬಂದರೆ ಅದನ್ನು ಕಾಯುವವನೂ ಬರುತ್ತಾನೆ, ಇದು ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಸಂಬಂಧಪಟ್ಟವರು ಮೂರ್ನಾಲ್ಕು ಕಚೇರಿಗಳಲ್ಲಿ ಹಂಚಿಹೋಗಿದ್ದಾರೆ, ಒಂದು ಮೇಜಿನ ಸುತ್ತ ಕೂಡುವುದಕ್ಕೆ ಯಾರ ಕಾಯ್ದೆಯೂ ಅಡ್ಡಿ ಬರುವುದಿಲ್ಲ.

ಅಲ್ಲಿಯವರೆಗೆ ಹೊಲದಲ್ಲಿ ಹೊಂಡವಿದ್ದವರು ಒಂದು ಕೆಲಸ ಮಾಡಬಹುದು, ನಾಳೆಯೇ ಮಾಡಬಹುದು. ಪಂಚರ್ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬು ಸಿಗುತ್ತದೆ, ತೇಪೆ ಹಾಕಿಸಿ ಗಾಳಿ ತುಂಬಿಸಿ ಹೊಂಡದ ದಂಡೆಗೆ ಕಟ್ಟಿಡಿರಿ. ದಪ್ಪ ನೈಲಾನ್ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ದಂಡೆಯ ಗೂಟಕ್ಕೆ ಬಿಗಿದು, ಇನ್ನೊಂದನ್ನು ನೀರಿನ ತಳದವರೆಗೆ ಇಳಿಬಿಡಿರಿ, ನಾಲ್ಕೂ ಬದಿಗೆ ಒಂದೊಂದು. ಸುತ್ತ ತಂತಿ ಬೇಲಿ ಹಾಕಿ, ಗೇಟಿಗೆ ಕೀಲಿ ಜಡಿಯಿರಿ. ಗಂಟು ಹಾಕದ ಹಗ್ಗ ಒದ್ದೆ ಕೈಗೆ ಜಾರುತ್ತದೆ, ಅದನ್ನು ಮರೆಯಬೇಡಿ.